ಮಗ್ಗದ ಮನೆಯ ಸಮಚಿತ್ತ

ನನಗೆ ಕೋಪ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಇದು ಶುದ್ಧ ಸುಳ್ಳು. ನನಗೆ ಜಾಸ್ತಿ ಇರುವುದು ಗಂಟಲು. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವನು ಸಣ್ಣ ಗಂಟಲು ಇಟ್ಟುಕೊಂಡು ಬದುಕಲಾಗುವುದಿಲ್ಲ. ನಾಲ್ಕು ವಿದ್ಯುತ್ ಮಗ್ಗಗಳು ಒಟ್ಟಿಗೆ ಲಟಪಟ ಬಡಿದುಕೊಳ್ಳುವಾಗ ಹಸಿವಾಗಿದೆ ಎಂದು ಅಮ್ಮನಿಗೆ ತಿಳಿಸಬೇಕಾದರೆ ಬೀದಿಯ ತುದಿಗೆ ಕೇಳುವಂತೆ ಕೂಗಬೇಕು, ಇಲ್ಲವೇ ಹೊಟ್ಟೆ ಮುಟ್ಟಿ ತೋರಿಸಬೇಕು. ನಾವು ಎರಡನ್ನೂ ಮಾಡುತ್ತಿದ್ದೆವು. ಆವತಿಯ ಕಡೆಯಿಂದ ಮದುವೆಯಾಗಿ ಬಂದ ನನ್ನ ಹೆಂಡತಿ, ಗಂಡನ ಮನೆಯಲ್ಲಿ ದಿನವೂ ಜಗಳ ಎಂದು ಮೊದಲ ವಾರವೇ ತವರಿಗೆ ಸುದ್ದಿ ಮುಟ್ಟಿಸಿದ್ದಳು. ಅವಳ ಅಪ್ಪ ಗಾಬರಿಯಿಂದ ಓಡಿ ಬಂದಾಗ ನಾವು ಚರ್ಚಿಸುತ್ತಿದ್ದುದು ನುಗ್ಗೇಕಾಯಿ ಸಾರಿಗೆ ಹುಣಸೆಹಣ್ಣು ಹಾಕಬೇಕೋ ಬೇಡವೋ ಎಂಬುದನ್ನು.

ಇದನ್ನೆಲ್ಲ ಕಾರ್ಖಾನೆಯಲ್ಲಿ ಯಾರಿಗೆ ವಿವರಿಸುವುದು? ಸೋಂಪುರದ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುವವನು. ಯಾರಿಗೆ ಏನು ಬೇಕೋ ಅದನ್ನು ಕಪಾಟಿನಿಂದ ತೆಗೆದು, ಸಹಿ ಹಾಕಿಸಿಕೊಂಡು ಕೊಡುವುದು ನನ್ನ ಕೆಲಸ. 'ಸಹಿ ಹಾಕಪ್ಪಾ' ಎಂದು ನಾನು ಎಷ್ಟೇ ಪ್ರೀತಿಯಿಂದ ಹೇಳಿದರೂ ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಯಾರೋ ಪುಣ್ಯಾತ್ಮರು ಮೇಲಿನವರಿಗೆ ದೂರು ಕೊಟ್ಟರು. ಕೋಪಿಷ್ಠರ ಪಟ್ಟಿಯಲ್ಲಿ ನನ್ನ ಹೆಸರು ಸೇರಿತು. ಪಟ್ಟಿಯಲ್ಲಿದ್ದವರೆಲ್ಲ ಆರು ಶನಿವಾರ 'ವ್ಯಕ್ತಿತ್ವ ವಿಕಸನ' ತರಬೇತಿಗೆ ಕೂರಬೇಕೆಂದು ಆಜ್ಞೆಯಾಯಿತು. ಐವತ್ತಾರನೆಯ ವಯಸ್ಸಿನಲ್ಲಿ ನನ್ನ ವ್ಯಕ್ತಿತ್ವ ಇನ್ನು ಯಾವ ಕಡೆಗೆ ವಿಕಸಿಸಬೇಕೆಂದು ಅವರು ಯೋಚಿಸಿದ್ದರೋ ನಾನರಿಯೆ.

ತರಬೇತಿ ಕೊಡಲು ಬೆಂಗಳೂರಿನಿಂದ ಬಂದಿದ್ದ ಮೇಡಂ ಬಹಳ ಮೆತ್ತಗೆ ಮಾತನಾಡುತ್ತಿದ್ದರು. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಸ್ ಮತ್ತು ರೋಮ್ ದೇಶಗಳಲ್ಲಿ ಸ್ಟೋಯಿಕರು ಎಂಬ ತತ್ತ್ವಜ್ಞಾನಿಗಳಿದ್ದರಂತೆ. ಲೋಕದಲ್ಲಿ ಕೆಲವು ಸಂಗತಿಗಳು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ. ಇಲ್ಲದ್ದಕ್ಕೆ ತಲೆ ಕೆಡಿಸಿಕೊಳ್ಳದೆ ನಮ್ಮ ಮನಸ್ಸನ್ನು ನಾವು ನೋಡಿಕೊಳ್ಳಬೇಕು ಎಂಬುದು ಅವರ ಮತವಂತೆ. ನಾನು ಎದ್ದು ನಿಂತು, 'ಮೇಡಂ, ಊಟದ ಹಾಲ್‌ನಲ್ಲಿ ಎರಡು ತಿಂಗಳಿಂದ ಫ್ಯಾನ್ ತಿರುಗ್ತಿಲ್ಲ. ಅದು ಯಾರ ಕೈಲದೆ?' ಎಂದು ಕೇಳಿದೆ. ಕೇಳಿದ್ದು ನನ್ನ ಸಹಜ ಗಂಟಲಿನಲ್ಲಿ. ಮೇಡಂ ಮುಗುಳ್ನಕ್ಕು, 'ನೋಡಿ, ಇದೇ ಕೋಪ' ಎಂದು ನನ್ನನ್ನೇ ಉದಾಹರಣೆಯಾಗಿ ಎಲ್ಲರಿಗೂ ತೋರಿಸಿದರು. ಮೈಯೆಲ್ಲ ಉರಿದುಹೋಯಿತು. ಆ ಫ್ಯಾನು ಇಂದಿಗೂ ತಿರುಗುತ್ತಿಲ್ಲ ಎಂಬುದನ್ನು ನೀವು ದಯವಿಟ್ಟು ಗಮನಿಸಬೇಕು.

ಆದರೂ ಸತ್ಯ ಹೇಳಿಬಿಡುತ್ತೇನೆ. ಮೂರನೆಯ ಶನಿವಾರದ ಹೊತ್ತಿಗೆ ನಾನು ಆ ಮತಕ್ಕೆ ಬಿದ್ದುಹೋಗಿದ್ದೆ. ಕಾರಣ, ಈ ಸ್ಟೋಯಿಕರ ಮೂಲಪುರುಷ ಒಬ್ಬ ವ್ಯಾಪಾರಿಯಂತೆ. ಬಟ್ಟೆಗೆ ಹಾಕುವ ನೇರಳೆ ಬಣ್ಣವನ್ನು ಹಡಗಿನಲ್ಲಿ ತರುತ್ತಿದ್ದಾಗ ಹಡಗು ಮುಳುಗಿತಂತೆ. ಬಣ್ಣ ಹೋದ ಮೇಲೆ ಅವನು ತತ್ತ್ವ ಹಿಡಿದನಂತೆ. ನೂಲಿಗೆ ಬಣ್ಣ ಹಾಕುವ ಮನೆಗಳ ಬೀದಿಯಲ್ಲಿ ಬೆಳೆದವನಿಗೆ ಇಂಥವನು ನಮ್ಮವನೇ ಅನ್ನಿಸದೆ ಇರುತ್ತದೆಯೇ? ಆಮೇಲೆ ಅವನು ಒಂದು ಕಂಬದ ಜಗುಲಿಯಲ್ಲಿ ಕೂತು ದಾರಿಹೋಕರಿಗೆ ಪಾಠ ಹೇಳುತ್ತಿದ್ದನಂತೆ. ಆ ಜಗುಲಿಯ ಹೆಸರೇ ಅವರ ಮತದ ಹೆಸರಾಯಿತು. ಕೆಲಸ ಕಳೆದುಕೊಂಡು ಜಗುಲಿಯಲ್ಲಿ ಕೂತು ಬುದ್ಧಿ ಹೇಳುವವರು ನಮ್ಮ ಬೀದಿಯಲ್ಲೂ ಐದಾರು ಜನ ಇದ್ದರು. ಅವರ ಹೆಸರಿನಲ್ಲಿ ಮತ ಹುಟ್ಟಲಿಲ್ಲ ಅಷ್ಟೆ.

ನಾನು ಸಾಧನೆ ಶುರುಮಾಡಿದೆ. ಬೆಳಗ್ಗೆ ಎದ್ದ ಕೂಡಲೇ ಆ ದಿನ ಏನೇನು ಕೆಡಬಹುದೆಂದು ನೆನೆದುಕೊಳ್ಳಬೇಕು. ಹಾಗೆ ಮಾಡಿದರೆ ಕೆಟ್ಟಾಗ ಮನಸ್ಸು ಕದಡುವುದಿಲ್ಲ ಎಂದು ಮೇಡಂ ಹೇಳಿಕೊಟ್ಟಿದ್ದರು. ಕಂಪನಿ ಬಸ್ಸು ಬರುವುದಿಲ್ಲ, ಬಂದರೂ ಸೀಟು ಸಿಗುವುದಿಲ್ಲ, ಸಿಕ್ಕರೂ ಪಕ್ಕದವನು ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕುತ್ತಾನೆ ಎಂದು ನೆನೆದುಕೊಂಡು ಹೊರಟೆ. ಬಸ್ಸು ಬಂತು. ಸೀಟೂ ಸಿಕ್ಕಿತು. ಪಕ್ಕದವನು ಮೊಬೈಲು ಮುಟ್ಟದೆ ದಾಬಸ್‌ಪೇಟೆಯವರೆಗೂ ನನ್ನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದ. ಇದನ್ನು ನಾನು ನೆನೆದುಕೊಂಡಿರಲಿಲ್ಲ. ಆದರೂ ಹಲ್ಲು ಕಚ್ಚಿ ಸಮಚಿತ್ತ ಕಾಪಾಡಿಕೊಂಡೆ. ಮನೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಉಪದೇಶವನ್ನೂ ಆರಂಭಿಸಿದೆ. ನನ್ನ ಹೆಂಡತಿ, 'ಮುಂಚೆ ಬರೀ ಕೂಗ್ತಿದ್ರಿ, ಈಗ ಅರ್ಥ ಬೇರೆ ಹೇಳ್ತೀರಿ' ಎಂದು ಎದ್ದು ಹೋಗುತ್ತಿದ್ದಳು.

ಕೂತು ಕೇಳುತ್ತಿದ್ದವಳು ಒಬ್ಬಳೇ, ನಮ್ಮಕ್ಕ ರತ್ನಮ್ಮ. ಅಕ್ಕನನ್ನು ನಮ್ಮೂರಿನಲ್ಲೇ, ಎರಡು ಬೀದಿ ಆಚೆಯ ಮಗ್ಗದ ಮನೆಗೆ ಕೊಟ್ಟಿದ್ದೇವೆ. ಭಾವ, ಅಕ್ಕ ಇಬ್ಬರೂ ಸೇರಿ ನಾಲ್ಕು ಮಗ್ಗ ಓಡಿಸುತ್ತಾರೆ. ಮೂವತ್ತೈದು ವರ್ಷಗಳಿಂದ ಅಕ್ಕ ಆ ನಾಲ್ಕರ ನಡುವೆಯೇ ನಿಂತಿದ್ದಾಳೆ. ಭಾನುವಾರ ಹೋಗಿ ನಾನು ಜಗುಲಿಯ ತತ್ತ್ವವನ್ನು ಬಿಡಿಸಿ ಹೇಳುತ್ತಿದ್ದರೆ ಅವಳು ನನ್ನ ಬಾಯನ್ನೇ ಕಣ್ಣು ಮಿಟುಕಿಸದೆ ನೋಡುತ್ತ, ನಗುತ್ತ, ತಲೆದೂಗುತ್ತಿದ್ದಳು. ಇಂಥ ಶ್ರದ್ಧೆಯ ಶಿಷ್ಯೆ ಆ ಬಣ್ಣದ ವ್ಯಾಪಾರಿಗೂ ಸಿಕ್ಕಿರಲಾರಳು ಎಂದು ನಾನು ಉಬ್ಬಿಹೋದೆ. ನಡತೆಯಲ್ಲೂ ಅಷ್ಟೇ. ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಅಕ್ಕನ ಬೆನ್ನ ಹಿಂದೆ ನಿಂತು ಇಡೀ ವಂಶವನ್ನು ಜಾಲಾಡುತ್ತಿದ್ದರೂ ಅಕ್ಕ ಬಿಂದಿಗೆ ತುಂಬಿಸಿಕೊಂಡು ಸುಮ್ಮನೆ ಒಳಗೆ ನಡೆದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಮತ್ತೊಂದು ಸಲ ಹಿತ್ತಲ ಗೋಡೆಗೆ ಟ್ರ್ಯಾಕ್ಟರ್ ಗುದ್ದಿ ಅರ್ಧ ಗೋಡೆ ಉರುಳಿತು. ಬೀದಿಗೆ ಬೀದಿಯೇ ಓಡಿ ಬಂತು. ಅಕ್ಕ ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

ಆರನೆಯ ಶನಿವಾರ ಪ್ರತಿಯೊಬ್ಬರೂ ಐದು ನಿಮಿಷ ಮಾತನಾಡಬೇಕಿತ್ತು. ನಾನು ಅಕ್ಕನ ಬಗ್ಗೆ ಮಾತನಾಡಿದೆ. ಪುಸ್ತಕ ಮುಟ್ಟದೆ, ತರಬೇತಿ ಪಡೆಯದೆ ಸಮಚಿತ್ತವನ್ನು ಸಾಧಿಸಿದ ಮಹಾತಾಯಿ ಎಂದೆ. ನಲ್ಲಿಯ ಪ್ರಸಂಗ ಹೇಳಿದೆ, ಗೋಡೆಯ ಪ್ರಸಂಗ ಹೇಳಿದೆ. ಮೇಡಂ ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೋಪಿಷ್ಠರ ಪಟ್ಟಿಯಿಂದ ನನ್ನ ಹೆಸರನ್ನು ಅಂದೇ ತೆಗೆದರು.

ಇದಾದ ಎಷ್ಟೋ ತಿಂಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಆಗಷ್ಟೇ ಕರೆಂಟು ಹೋಗಿತ್ತು. ನಮ್ಮೂರಿನಲ್ಲಿ ಕರೆಂಟು ಹೋದರೆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತು, ಕೂಗಿ ಮಾತನಾಡುತ್ತಿದ್ದವರ ಗುಟ್ಟುಗಳೆಲ್ಲ ಒಂದು ಕ್ಷಣ ಬಟಾಬಯಲಾಗುತ್ತವೆ. ಭಾವ ಹೊರಗೆ ಹೋಗಿದ್ದರು. ಅಕ್ಕ ಬಾಗಿಲಿಗೆ ಬೆನ್ನು ಮಾಡಿ ನೂಲು ಬಿಡಿಸುತ್ತ ಕೂತಿದ್ದಳು. ಅಡುಗೆಮನೆಯಲ್ಲಿ ಕುಕ್ಕರು ಒಂದೇ ಸಮನೆ ಕೂಗುತ್ತಿತ್ತು. ಐದಾಯಿತು, ಆರಾಯಿತು, ಏಳಾಯಿತು. ಎಂಥ ಸಮಚಿತ್ತ ಎಂದು ನಾನು ಹೊಸ್ತಿಲಲ್ಲೇ ನಿಂತು ಬೆರಗಾದೆ! ಇದಕ್ಕಿಂತ ದಡ್ಡನನ್ನು ನೀವು ಕಂಡಿದ್ದೀರಾ? ಎಂಟನೆಯ ಕೂಗಿಗೆ 'ಅಕ್ಕಾ' ಎಂದೆ. ತಿರುಗಲಿಲ್ಲ. ನನ್ನ ಗಂಟಲು ನಿಮಗೆ ಗೊತ್ತೇ ಇದೆ. ಮತ್ತೆ ಮೂರು ಸಲ ಕೂಗಿದೆ. ಎದುರು ಮನೆಯವರು ಆಚೆ ಬಂದು ನೋಡಿದರು, ಅಕ್ಕ ತಿರುಗಲಿಲ್ಲ. ಹೋಗಿ ಒಲೆ ಆರಿಸಿ ಬಂದು ಹೆಗಲು ಮುಟ್ಟಿದೆ. ಅವಳು ಬೆಚ್ಚಿಬಿದ್ದಳು.

'ಯಾವಾಗ್ ಬಂದ್ಯೋ? ಕೂಗ್ಬಾರ್ದಾ?' ಎಂದಳು.

ನಿನಗೆ ಕಿವಿ ಕೇಳಿಸುವುದಿಲ್ಲವೇ ಎಂದು ಬಿಡಿಬಿಡಿಯಾಗಿ ಕೇಳಿದೆ. ನನ್ನ ಬಾಯನ್ನೇ ನೋಡುತ್ತ, 'ಎಡಗಡೇದು ಪೂರಾ ಇಲ್ಲ ಕಣೋ. ಬಲಗಡೇದು ಒಸಿ ಅದೆ. ಮೂರು ವರ್ಷ ಆಯ್ತಲ್ಲ' ಎಂದಳು, ಮನೆಗೆ ಸುಣ್ಣ ಬಳಿದು ಮೂರು ವರ್ಷವಾಯಿತು ಎಂಬಂತೆ. ಯಾರಿಗಾದರೂ ಹೇಳಬಾರದಿತ್ತೇ ಎಂದು ನಾನು ರೇಗಿದೆ.

'ನಿಂಗೇ ಹೇಳಿದ್ನಲ್ಲೋ. ಹೋದ್ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತಂದಿದ್ದಲ್ಲ, ಆವತ್ತು. ಕಿವೀಲಿ ಗುಂಯ್ ಅಂತದೆ ಕಣೋ, ಮಾತು ಸರ್ಯಾಗಿ ಬೀಳಲ್ಲ ಅಂದೆ. ನೀನು ಅರ್ಧ ಗಂಟೆ ಏನೋ ಹೇಳ್ದೆ. ಊಟ, ನೂಲು, ಕರೆಂಟು ಅಂದ್ರೆ ಬಾಯಿ ನೋಡಿ ತಿಳ್ಕೊಂಡ್ಬಿಡ್ತೀನಿ. ನಿನ್ ಮಾತು ಉದ್ದ, ತಿಳೀಲಿಲ್ಲ. ಏನೋ ಒಳ್ಳೇದೇ ಹೇಳ್ತಾವ್ನೆ ಅಂತ ತಲೆ ಆಡಿಸ್ದೆ.'

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಗೌರಿ ಹಬ್ಬದ ದಿನ ನಾನು ಏನು ಹೇಳಿದ್ದೆನೆಂಬುದು ಅಕ್ಷರ ಅಕ್ಷರವಾಗಿ ನೆನಪಿಗೆ ಬಂತು. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಮುಂದೆ ಹೇಗೂ ಬರೆಯಲೇಬೇಕಾಗುತ್ತದೆ.

ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಸದ್ದಿಗೆ ನರ ಹಾಳಾಗಿದೆ, ಹೋದದ್ದು ಬರುವುದಿಲ್ಲ ಎಂದರು. ಬಲಗಿವಿಗೆ ಮಿಷನ್ ಹಾಕಿದರೆ ಮಾತು ಕೇಳಿಸುತ್ತದೆ, ಹೋದ ವರ್ಷವೇ ಬಂದು ಜಾಗ್ರತೆ ಮಾಡಿದ್ದರೆ ಆ ಕಿವಿ ಇನ್ನಷ್ಟು ಉಳಿಯುತ್ತಿತ್ತು ಎಂದೂ ಹೇಳಿದರು. ಮಗ್ಗದ ಹತ್ತಿರ ನಿಲ್ಲುವಾಗ ಕಿವಿಗೆ ಏನಾದರೂ ಹಾಕುತ್ತಿದ್ದರೇ ಎಂದು ಕೇಳಿದರು. ಇಲ್ಲ ಎನ್ನುವಾಗ ನಾನು ಅವರ ಮುಖ ನೋಡಲಿಲ್ಲ. ಯಾಕೆಂದರೆ ಸೋಂಪುರದಲ್ಲಿ ನನ್ನ ಸ್ಟೋರ್ಸಿನ ಎರಡನೆಯ ಕಪಾಟಿನ ತುಂಬ ಇರುವುದು ಇಯರ್ ಪ್ಲಗ್ಗು. ಯಂತ್ರಗಳ ಮುಂದೆ ನಿಲ್ಲುವವರು ಅದನ್ನು ಹಾಕಿಕೊಳ್ಳದೆ ಒಳಗೆ ಕಾಲಿಟ್ಟರೆ ಗದರಿಸುವವನೂ ನಾನೇ. ಹನ್ನೆರಡು ವರ್ಷಗಳಿಂದ ಪರಊರಿನವರ ಕಿವಿಗಳನ್ನೆಲ್ಲ ಸಹಿ ಹಾಕಿಸಿಕೊಂಡು ಕಾಪಾಡಿದ್ದೇನೆ. ಎರಡು ಬೀದಿ ಆಚೆ ನಾಲ್ಕು ಮಗ್ಗಗಳ ನಡುವೆ ನಿಂತವಳು ಒಂದು ದಿನವೂ ನೆನಪಾಗಲಿಲ್ಲ. ನಮಗೆ ಕಾರ್ಖಾನೆಯದು ಸದ್ದು, ಮಗ್ಗದ್ದು ಮನೆ. ಮಗ್ಗವೂ ಸದ್ದು ಮಾಡುತ್ತದೆಂದು ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಹೊಳೆಯುವುದೇ ಇಲ್ಲ.

ಈಗ ನನಗೆ ನಿಜವಾಗಿ ಕೋಪ ಬಂದಿದೆ. ಮೊದಲನೆಯದು ನನ್ನ ಮೇಲೆ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು, 'ಮಗ್ಗದವ್ರಿಗೆ ವಯಸ್ಸಾದ್ಮೇಲೆ ಕಿವಿ ಹೋಗೋದು ಇದ್ದದ್ದೇ ಬಿಡಪ್ಪಾ' ಎಂದು ಸಮಾಧಾನ ಹೇಳಲು ಬಂದ ಬೀದಿಯ ಹಿರಿಯರ ಮೇಲೆ. ಅಕ್ಕನಿಗಿನ್ನೂ ಐವತ್ತೊಂಬತ್ತು. ಇದ್ದದ್ದೇ ಎನ್ನುವವರ ಕಿವಿಗಳು ಹೇಗಿವೆಯೆಂದು ಹಿಂದೆ ನಿಂತು ಕರೆದು ಪರೀಕ್ಷಿಸಿದೆ. ಮೂವರಲ್ಲಿ ಇಬ್ಬರು ತಿರುಗಲಿಲ್ಲ. ಮೂರನೆಯ ಕೋಪ ಆ ಆರು ಶನಿವಾರಗಳ ಮೇಲೆ. ಆಮೇಲೆ ನಾನೇ ಹುಡುಕಿ ಓದಿದಾಗ ತಿಳಿಯಿತು, ಆ ಜಗುಲಿಯವರು ಬಾಳಿಗೆ ಬೇಕೆಂದದ್ದು ನಾಲ್ಕು ಗುಣ: ವಿವೇಕ, ಧೈರ್ಯ, ನ್ಯಾಯ, ಸಂಯಮ. ನಮಗೆ ಹಂಚಿದ್ದು ಸಂಯಮವೊಂದನ್ನೇ. ಮಿಕ್ಕ ಮೂರನ್ನು ಬೆಂಗಳೂರಿನಿಂದ ಬರುವ ದಾರಿಯಲ್ಲಿ ಯಾವ ಟೋಲ್‌ಗೇಟಿನಲ್ಲಿ ಇಳಿಸಿಕೊಂಡರೋ ಕಾಣೆ. ಫ್ಯಾನು ಯಾರ ಕೈಯಲ್ಲಿದೆ ಎಂದು ಕೇಳುವುದು ಧೈರ್ಯದ ಪಾಠ, ತಿರುಗಿಸಿಕೊಡುವುದು ನ್ಯಾಯದ ಪಾಠ. ಅವೆರಡೂ ನಮ್ಮ ಪಠ್ಯದಲ್ಲಿ ಇರಲಿಲ್ಲ. ಆದರೆ ಅಕ್ಕನ ಮುಂದೆ ಅದೇ ಹರಕು ಪಠ್ಯವನ್ನು ಒಪ್ಪಿಸಿದವನು ನಾನು. ಆ ಮೇಡಂಗೆ ನಮ್ಮಕ್ಕನ ಕಿವಿಯ ಸಂಗತಿ ಗೊತ್ತಿರಲಿಲ್ಲ, ನನಗೆ ಅವಳೇ ಬಾಯಿಬಿಟ್ಟು ಹೇಳಿದ್ದಳು. ಹಾಗಾಗಿ ಈ ಮೂರನೆಯ ಕೋಪವೂ ತಿರುಗಿ ನನ್ನ ಹತ್ತಿರವೇ ಬಂದು ನಿಲ್ಲುತ್ತದೆ.

ಅಕ್ಕನಿಗೆ ಮಿಷನ್ ಹಾಕಿಸಿದೆವು. ಮೊದಲ ದಿನ ಪಾತ್ರೆಯ ಸದ್ದಿಗೂ ಮುಖ ಕಿವಿಚಿದಳು. ಎರಡನೆಯ ವಾರ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಎಂದಿನಂತೆ ಬೆನ್ನ ಹಿಂದೆ ಶುರುಮಾಡಿದಾಗ ಅಕ್ಕ ಬಿಂದಿಗೆ ಕೆಳಗಿಟ್ಟು ತಿರುಗಿದಳಂತೆ. ಆಮೇಲೆ ನಡೆದದ್ದನ್ನು ಬೀದಿಯವರು ಇನ್ನೂ ಹೇಳಿಕೊಂಡು ನಗುತ್ತಾರೆ. ನಾನು ಚಪ್ಪಾಳೆ ಗಿಟ್ಟಿಸಿದ ಮಹಾತಾಯಿಗೆ ನನಗಿಂತಲೂ ದೊಡ್ಡ ಗಂಟಲಿದೆ. ಭಾವನಿಗೂ ದಿನಕ್ಕೆರಡು ಸಲ ಸರಿಯಾಗಿ ಬೈಗುಳ ಬೀಳುತ್ತಿದೆ. ಮಗ್ಗದ ಮುಂದೆ ನಿಲ್ಲುವಾಗ ಮಿಷನ್ ತೆಗೆದಿಟ್ಟು, ನಾನು ಅಂಗಡಿಯಿಂದ ತಂದುಕೊಟ್ಟ ಇಯರ್ ಪ್ಲಗ್ ಹಾಕಿಕೊಳ್ಳುತ್ತಾಳೆ. ಭಾವನ ಕಿವಿಗೂ ಅವಳೇ ತುರುಕುತ್ತಾಳೆ.

ಮಗ್ಗದ ಮನೆಗಳಲ್ಲಿ ಬಂದವರಿಗಾಗಿ ಮಗ್ಗ ನಿಲ್ಲಿಸುವ ಪದ್ಧತಿ ಇಲ್ಲ. ಬೀಗರೇ ಬರಲಿ, ಅವರೂ ಕೂಗಬೇಕು, ನಾವೂ ಕೂಗಬೇಕು. ಕಳೆದ ಭಾನುವಾರ ನಾನು ಹೋದಾಗ ಅಕ್ಕ ನನ್ನನ್ನು ನೋಡಿದವಳೇ ಒಂದೊಂದಾಗಿ ನಾಲ್ಕೂ ಮಗ್ಗಗಳನ್ನು ನಿಲ್ಲಿಸಿದಳು. ಭಾವ ಗಾಬರಿಯಾಗಿ ನೋಡಿದರು. ಅವಳು ಪ್ಲಗ್ ತೆಗೆದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಮಿಷನ್ ಹಾಕಿಕೊಂಡು ನನ್ನೆದುರು ಕೂತಳು.

'ಹೋದ್ ವರ್ಷ ಗೌರಿ ಹಬ್ಬದಲ್ಲಿ ಏನ್ ಹೇಳ್ದೆ ಅದು? ಈಗ ಹೇಳು, ಕೇಳಿಸ್ತದೆ.'

ಸುಳ್ಳು ಹೇಳಬಹುದಿತ್ತು. ಮರೆತೆ ಎನ್ನಬಹುದಿತ್ತು. ಆದರೆ ಅವಳು ನನ್ನ ಬಾಯನ್ನು ನೋಡುತ್ತಿರಲಿಲ್ಲ, ಕಣ್ಣನ್ನು ನೋಡುತ್ತಿದ್ದಳು. ಹೇಳಿದೆ. 'ಸದ್ದು ನಮ್ ಕೈಲಿಲ್ಲ ಅಕ್ಕ, ಅದಕ್ಕೆ ಮನಸ್ಸು ಕೆಡಿಸ್ಕೋಬಾರ್ದು ಅಂದಿದ್ದೆ.' ಜೀವಮಾನದಲ್ಲಿ ನಾನು ಅಷ್ಟು ಮೆತ್ತಗೆ ಮಾತನಾಡಿದ್ದು ಅದೇ ಮೊದಲು.

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

'ಇಷ್ಟೇನಾ? ಇದಕ್ಕಾ ನಾನು ಅರ್ಧ ಗಂಟೆ ತಲೆ ಆಡಿಸಿದ್ದು?' ಎಂದಳು. ಆಮೇಲೆ ಎದ್ದು, ಮಿಷನ್ ತೆಗೆದು ಡಬ್ಬಿಯಲ್ಲಿಟ್ಟು, ಮೊದಲನೆಯ ಮಗ್ಗದ ಮೇಲೆ ಕೈಯಿಟ್ಟುಕೊಂಡು ಹೇಳಿದಳು: 'ಇನ್ಮೇಲೆ ಯಾರಿಗಾದ್ರೂ ಬುದ್ಧಿ ಹೇಳೋಕ್ ಮುಂಚೆ ಮಗ್ಗ ನಿಲ್ಸು. ಅವ್ರು ಏನ್ ಹೇಳ್ತಾವ್ರೆ ಅಂತ ಮೊದ್ಲು ಕೇಳಿಸ್ಕೋ.'