ಹಸು ಮನೆಗೆ ಬಂದಿತ್ತಾ?

ಸ್ವೀಡನ್ನಿನ ವೆಸ್ಟೆರಾಸ್‌ನ ನಮ್ಮ ಆಫೀಸಿನಲ್ಲಿ ಕಿಪ್ರೊಟಿಚ್ ಅಂತ ಕೀನ್ಯಾದ ಇಂಜಿನಿಯರ್ ಇದ್ದ. ಕಿಪ್ಸಿಗಿಸ್ ಅನ್ನೋ ಬುಡಕಟ್ಟಿನವನು. ಹೆಸರಿನ ಅರ್ಥ ಕೇಳಿದ್ದಕ್ಕೆ, "ಹಸುಗಳು ಮನೆಗೆ ಬರೋ ಹೊತ್ತಲ್ಲಿ ಹುಟ್ಟಿದವನು" ಅಂದ. ಅವರಲ್ಲಿ ಹುಟ್ಟಿದ ಹೊತ್ತೇ ಹೆಸರು.

"ಅಯ್ಯೋ, ನಮ್ಮ ಗೋಧೂಳಿ!" ಅಂದುಬಿಟ್ಟೆ. ಅವತ್ತಿನಿಂದ ಅವನ ಪಾಲಿಗೆ ನಾನು ಹೊತ್ತು ಗಳಿಗೆ ಬಲ್ಲ ಪಂಡಿತ.

ಜೂನ್‌ನಲ್ಲಿ ಅವನಿಗೆ ಗಂಡುಮಗುವಾಯಿತು. ನೋಡೋಕೆ ಆಸ್ಪತ್ರೆಗೆ ಹೋದರೆ, ಕಾರಿಡಾರಿನಲ್ಲಿ ನಿಂತು ಊರಲ್ಲಿರುವ ತನ್ನ ಅಜ್ಜಿ ಜೊತೆ ಫೋನಿನಲ್ಲಿದ್ದ. ಕಿಪ್ಸಿಗಿಸ್ ಮಾತಿನಲ್ಲಿ ದನಿ ಏರಿ ಇಳಿಯುತ್ತಲೇ ಇರುತ್ತದೆ, ಹಾಗಾಗಿ ನನಗೆ ಜಗಳದ ಹಾಗೆ ಕೇಳಿಸಿತು. ವಿಚಾರಿಸಿದರೆ, ನಿಜವಾಗಿಯೂ ಜಗಳವೇ.

"ಮಗು ಹುಟ್ಟಿದ್ದು ಒಂಬತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ಅಂದ್ರೆ, ಹೆಸರಿಡೋಕೆ ಗಡಿಯಾರದ ಮಾತು ಬೇಡ, ಹಸು ಮನೆಗೆ ಬಂದಿತ್ತಾ ಹೇಳು ಅಂತಾಳೆ. ಇಲ್ಲಿ ನೋಡಿದ್ರೆ ರಾತ್ರಿ ಒಂಬತ್ತಕ್ಕೂ ಬಿಸಿಲು! ಪಂಡಿತ, ನೀನೇ ಹೇಳು."

ನನಗೋ ರಾಹುಕಾಲ ಗೊತ್ತಾಗಬೇಕಾದರೂ ಕ್ಯಾಲೆಂಡರ್ ಬೇಕು. ನಮ್ಮ ಪಾಡು ನೋಡಲಾರದೆ ನರ್ಸ್, ಹಸು ಸಾಕಿದ್ದ ತನ್ನ ಭಾವನಿಗೇ ಫೋನ್ ಹಚ್ಚಿದಳು. ಆಮೇಲೆ ನಮ್ಮತ್ತ ತಿರುಗಿ, "ಬೇಸಿಗೆಯಲ್ಲಿ ಹಗಲೂ ರಾತ್ರಿ ಹುಲ್ಲುಗಾವಲಲ್ಲೇ ಇರ್ತಾವಂತೆ. ಮನೆಗೆ ಬರೋದು ಸೆಪ್ಟೆಂಬರಿಗೇ" ಅಂದಳು.

ಕಿಪ್ರೊಟಿಚ್ ಅದನ್ನು ಅಜ್ಜಿಗೆ ಒಪ್ಪಿಸಿದ. ಆ ಕಡೆಯಿಂದ ಒಂದೇ ಮಾತು, ಫೋನ್ ಕಟ್.

"ಏನಂತೆ?"

"ಹಂಗಾದ್ರೆ ಮಗು ಇನ್ನೂ ಹುಟ್ಟಿಲ್ಲ, ಸೆಪ್ಟೆಂಬರಲ್ಲಿ ಫೋನ್ ಮಾಡು ಅಂತೆ."

ಸರ್ಕಾರದಿಂದ ಮಗುವಿಗೆ ಗುರುತಿನ ನಂಬರ್ ಮಾತ್ರ ಅದೇ ವಾರ ಬಂತು. ಹೆಸರು ಹಸುಗಳ ಕೈಯಲ್ಲಿತ್ತು.