ಮೂರು ಸೇರಿನ ಕಾದಂಬರಿ

ಚಳಿಗಾಲ ಬಂತೆಂದರೆ ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಅವರೆಕಾಯಿ ಗುಡ್ಡೆ ಬೀಳುತ್ತದೆ. ಮೊನ್ನೆ ಶನಿವಾರ ಸಂಜೆ ರೈಲಿಳಿದು ಬರುತ್ತಿದ್ದಾಗ ಆ ಸೊಗಡು ಮೂಗಿಗೆ ಬಡಿಯಿತು. ಬೇರೆಯವರಿಗೆ ಅದರಿಂದ ಬಾಯಲ್ಲಿ ನೀರೂರುತ್ತದೆ. ನಾನು ಮಾತ್ರ ಪರೀಕ್ಷೆಯ ಫಲಿತಾಂಶ ನೋಡಲು ಹೊರಟ ಹುಡುಗನಂತೆ ಬೇರೆ ದಾರಿ ಹುಡುಕುತ್ತೇನೆ. ನಾನು ಕಾದಂಬರಿಕಾರನಾಗುವುದನ್ನು ತಪ್ಪಿಸಿದ್ದು ಒಂದು ಬೋಗುಣಿ ಅವರೆಬೇಳೆ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ.

ಉರಿಗಾಂನ ಹಳೆಯ ಗಣಿ ಲೈನಿನಲ್ಲಿ, ಕಾರ್ಮಿಕರ ಸಾಲುಮನೆಗಳ ನಡುವೆ, ನನ್ನ ಸೋದರತ್ತೆಯ ಮನೆ. ಅವರೆಯ ಕಾಲದಲ್ಲಿ ಪ್ರತಿ ಭಾನುವಾರ ಅಲ್ಲಿ ಹಿತಕಿದ ಬೇಳೆ ಸಾರು, ಮುದ್ದೆ. ಹಿಂದಿನ ದಿನ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಒಂದೊಂದಾಗಿ ಬೆರಳಲ್ಲಿ ಹಿತುಕಿ, ಸಿಪ್ಪೆ ಬಿಟ್ಟ ಬೇಳೆಯನ್ನು ಬೋಗುಣಿಗೆ ಹಾಕಬೇಕು. ಅತ್ತೆ, ಮಾವ, ಪಕ್ಕದ ಮನೆಯ ಸೆಲ್ವಿಯಕ್ಕ, ಮೂವರೂ ಸುತ್ತ ಕೂತು ಹಿತುಕುತ್ತಾರೆ. ನನ್ನ ಕೈಗೆ ಸಿಕ್ಕ ಕಾಳು ಒಂದೋ ಜಜ್ಜಿ ಹೋಗುತ್ತದೆ, ಇಲ್ಲವೇ ಹಾರಿ ಮಾವನ ಕನ್ನಡಕಕ್ಕೆ ಬಡಿಯುತ್ತದೆ. ಹಾಗಾಗಿ ಅತ್ತೆ ನನಗೆ ಬೇರೆ ಕೆಲಸ ಹಚ್ಚಿದ್ದಳು.

"ಲೇ, ನೀನು ಮುಟ್ಬ್ಯಾಡ. ಸುಮ್ಕೆ ಆ ಕಡೆ ಕುಂತ್ಕೊಂಡು ಏನಾನಾ ಓದು. ನಮ್ಗೂ ಒತ್ತು ಓಗ್ತದೆ."

ಇದು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನನ್ನ ಚೀಲದಲ್ಲಿ ಇರುತ್ತಿದ್ದದ್ದು ಮಗಳ ಇಂಗ್ಲಿಷ್ ಕಾದಂಬರಿಗಳು. ಕಾಲೇಜು ಹುಡುಗಿ ಏನೆಲ್ಲ ಓದುತ್ತಾಳೋ ನೋಡೋಣ ಎಂಬ ತಂದೆಯ ಜವಾಬ್ದಾರಿಯಿಂದ ಒಂದನ್ನು ಕೈಗೆತ್ತಿಕೊಂಡವನು, ಅವಳಿಗಿಂತ ಮೊದಲು ಓಡಿಹೋಗಿ ಅದರ ಎರಡನೇ ಭಾಗ ಕೊಂಡುತಂದೆ. ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಗುಮಾಸ್ತನಿಗೆ ಒಂದು ಚಟ ಬೇಡವೇ? ಭಾನುವಾರ ಅದೇ ಪುಸ್ತಕಗಳನ್ನು ಬಾಯಲ್ಲೇ ಕನ್ನಡಕ್ಕೆ ಇಳಿಸುತ್ತ ಓದಿ ಹೇಳತೊಡಗಿದೆ.

ಈಗಿನ ಫ್ಯಾಂಟಸಿಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಮೊದಲ ಪುಟದಲ್ಲಿ ನಕ್ಷೆ ಕಂಡರೆ ನನಗೆ ಕಾಲು ನೋಯಲು ಶುರುವಾಗುತ್ತದೆ. ನಕ್ಷೆಯಲ್ಲಿರುವ ಅಷ್ಟೂ ಊರಿಗೆ ನಾಯಕಿ ನಡೆದೇ ಹೋಗುತ್ತಾಳೆ, ನಮ್ಮನ್ನೂ ನಡೆಸುತ್ತಾಳೆ. ಅರಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳು ಕಳೆದುಹೋದ ರಾಜಕುಮಾರಿ ಎಂದು ಮುನ್ನೂರನೇ ಪುಟದಲ್ಲಿ ಗೊತ್ತಾಗುತ್ತದೆ. ಅತ್ತೆಗೆ ಮೂರನೆಯದರಲ್ಲೇ ಗೊತ್ತಾಗಿತ್ತು. "ಪಾತ್ರೆ ತೊಳ್ಯೋಳ್ಗೆ ಇಷ್ಟು ಮಾತಾಡಾಕೆ ಪುರುಸೊತ್ತೆಲ್ಲಿ ಕಣ್ಲಾ? ಅವ್ಳು ದೊಡ್ಡ ಮನೆಯೋಳೇ," ಎಂದಿದ್ದಳು.

ಮಾವನ ತಕರಾರೇ ಬೇರೆ. ಗಣಿಯೊಳಗೆ ಸುರಂಗದ ಚಾವಣಿ ಕುಸಿಯದಂತೆ ಮರದ ಕಂಬ ಕೊಡುವುದು ಅವನ ಕೆಲಸವಾಗಿತ್ತು. ಕತೆಯಲ್ಲಿ ಯಾರೇ ಭೂಮಿಯೊಳಗೆ ಇಳಿಯಲಿ, ಅವನ ಪ್ರಶ್ನೆ ಒಂದೇ. "ಮೂರು ದಿವ್ಸ ಸುರಂಗದಾಗೇ ಓಡ್ತಾವ್ರೆ ಅಂತೀಯ. ಮರ ಕೊಟ್ಟೋರು ಯಾರ್ಲಾ?" ಡ್ರ್ಯಾಗನ್ ಒಂದು ಬಂಗಾರದ ರಾಶಿಯ ಮೇಲೆ ಮಲಗಿದೆ ಎಂದು ಓದಿದಾಗ ಮಾವ ಕನ್ನಡಕ ತೆಗೆದು ಒರೆಸಿಕೊಂಡ. "ಮೂವತ್ತು ವರ್ಷ ಬಂಗಾರದ ಗಣಿಯಾಗೆ ಇದ್ದೆ. ಸಾಸಿವೆಯಷ್ಟು ಬಂಗಾರ ಕಣ್ಣಾಗೆ ಕಂಡಿಲ್ಲ. ಇದ್ಕೆ ರಾಶಿ ಯಾವನ್ಲಾ ಕೊಟ್ಟ?"

ಪ್ರೇಮ ಕಾದಂಬರಿಗಳು ಸೆಲ್ವಿಯಕ್ಕನ ಪಾಲು. ಅವುಗಳ ನಾಯಕ ಎತ್ತರದವನು, ಸಿಡುಕ, ಎರಡು ಪುಟಕ್ಕೊಮ್ಮೆ ದವಡೆ ಬಿಗಿಹಿಡಿಯುತ್ತಾನೆ. "ಅವನಿಗೆ ಹಲ್ಲು ನೋವಾ ತಂಬಿ?" ಎಂದು ಸೆಲ್ವಿಯಕ್ಕ ಮರುಕದಿಂದಲೇ ಕೇಳಿದ್ದಳು. ನನ್ನ ಕಷ್ಟ ಬೇರೆ ಇತ್ತು. ಈ ಪುಸ್ತಕಗಳಲ್ಲಿ ಹಿರಿಯರ ಮುಂದೆ ಬಾಯಿಬಿಟ್ಟು ಓದಲಾಗದ ಪುಟಗಳು ಧಾರಾಳ. ಅವು ಬಂದಾಗ "ಇಲ್ಲಿ ನಾಲ್ಕು ಪುಟ ಪ್ರಕೃತಿ ವರ್ಣನೆ, ಬಿಟ್ಟುಬಿಡ್ತೀನಿ" ಎಂದು ಹಾರಿಸುತ್ತಿದ್ದೆ. ಒಂದು ಭಾನುವಾರ ಮೂರು ಸಲ ಹಾಗೆ ಹಾರಿಸಿದ ಮೇಲೆ ಸೆಲ್ವಿಯಕ್ಕ ಕಾಳಿನಿಂದ ಕಣ್ಣೆತ್ತದೆ, "ಪರವಾಗಿಲ್ಲ ತಂಬಿ, ಆ ಪ್ರಕೃತೀನೂ ಸ್ವಲ್ಪ ಓದುಪಾ," ಎಂದಳು. ಮಾವ ನೀರು ಕುಡಿಯಲು ಎದ್ದು ಹೋದ.

ಬೋಗುಣಿಯ ಗುಟ್ಟು ನನಗೆ ಹೊಳೆದದ್ದು ನಿಧಾನವಾಗಿ. ಕತೆ ಚೆನ್ನಾಗಿದ್ದರೆ ಕೈಗಳು ನಿಲ್ಲುತ್ತಿದ್ದವು, ಬೇಳೆ ತುಂಬುತ್ತಿರಲಿಲ್ಲ, ಸಾರು ತಡವಾಗುತ್ತಿತ್ತು. ಕತೆ ಸಪ್ಪೆಯಾದರೆ ಬೆರಳುಗಳು ಚುರುಕಾಗುತ್ತಿದ್ದವು. ಆಮೇಲೆ ನಾವು ಪುಸ್ತಕಗಳನ್ನು ಸೇರಿನಲ್ಲೇ ಅಳೆಯತೊಡಗಿದೆವು. ಒಂದು ಬೆಳಗಿಗೆ ಅರ್ಧ ಸೇರು ಬೇಳೆಯಾದರೆ ಉತ್ತಮ ಕೃತಿ, ಒಂದು ಸೇರಾದರೆ ಸಾಧಾರಣ, ಎರಡು ಸೇರಾದರೆ ಬರೆದವರು ಬೇರೆ ಕೆಲಸ ನೋಡಿಕೊಳ್ಳಬಹುದು. ನೆಂಟರು ಬರುವ ವಾರ ಅತ್ತೆಯೇ ಮುಂಚಿತವಾಗಿ ಫೋನು ಮಾಡುತ್ತಿದ್ದಳು. "ಈ ಸಲ ಚೆನ್ನಾಗಿರೋದು ತರಬ್ಯಾಡ ಕಣ್ಲಾ. ಎಂಟು ಜನ ಅವ್ರೆ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನೂ ಒಂದು ಕಾದಂಬರಿ ಬರೆದಿದ್ದೆ. ಆರು ವರ್ಷ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರೆದ ನಾನೂರು ಪುಟ. ನಕ್ಷೆ ಇತ್ತು, ಡ್ರ್ಯಾಗನ್ ಇತ್ತು, ದವಡೆ ಬಿಗಿಹಿಡಿಯುವವನೂ ಇದ್ದ. ಪ್ರಕಾಶಕರಿಗೆ ಕಳಿಸುವ ಮುನ್ನ ಒಂದು ಭಾನುವಾರ, ಯಾರೋ ಹೊಸಬರು ಬರೆದದ್ದಂತೆ ಎಂದು ಹೇಳಿ ಓದಲು ಕೂತೆ. ಮೆಚ್ಚಿದರೆ ನಾನು ಲೇಖಕ, ಇಲ್ಲದಿದ್ದರೆ ಗುಮಾಸ್ತ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ.

ಟಪ್, ಟಪ್, ಟಪ್. ಮೂವರ ಬೆರಳುಗಳೂ ಅಷ್ಟು ವೇಗವಾಗಿ ಆಡಿದ್ದನ್ನು ನಾನು ಕಂಡಿರಲಿಲ್ಲ. ರಾಜಕುಮಾರಿ ಶಪಥ ಮಾಡುವಷ್ಟರಲ್ಲಿ ಒಂದು ಸೇರು. ಮಾಂತ್ರಿಕನ ಭವಿಷ್ಯವಾಣಿಗೆ ಎರಡು. ನಾನು ದನಿ ಏರಿಸಿ ಓದಿದೆ.

ನಡುವೆ ಒಂದೇ ಕಡೆ ಸದ್ದು ನಿಂತಿತು. ನಾಯಕ ಸುರಂಗಕ್ಕೆ ಇಳಿದಿದ್ದಾನೆ, ಹೊತ್ತಲ್ಲದ ಹೊತ್ತಿನಲ್ಲಿ ಕಹಳೆ ಕೂಗುತ್ತದೆ, ರಾಜಕುಮಾರಿ ಬುತ್ತಿ ಹಿಡಿದು ಸುರಂಗದ ಬಾಯಲ್ಲಿ ಕಾಯುತ್ತಾಳೆ. ಒಬ್ಬೊಬ್ಬರು ಹೊರಬಂದಾಗಲೂ ಬುತ್ತಿಯ ಮುಚ್ಚಳ ಅರ್ಧ ತೆಗೆದು ಮತ್ತೆ ಮುಚ್ಚುತ್ತಾಳೆ. ಅದು ನನ್ನ ಕಲ್ಪನೆಯಲ್ಲ. ಚಿಕ್ಕಂದಿನಲ್ಲಿ ರಜೆಗೆ ಬಂದಿದ್ದಾಗ ಒಂದು ಮಧ್ಯಾಹ್ನ ಗಣಿಯ ಸೈರನ್ ಕೂಗಿತ್ತು. ಅತ್ತೆ ಊಟದ ಕ್ಯಾರಿಯರ್ ಹಿಡಿದು ಗೇಟಿನ ಬಳಿ ಹಾಗೇ ನಿಂತಿದ್ದಳು, ಅವಳ ಸೆರಗು ಹಿಡಿದು ನಾನು ನಿಂತಿದ್ದೆ. ಮಾವ ಕೊನೆಯ ಲಿಫ್ಟಿನಲ್ಲಿ ಮೇಲೆ ಬಂದಿದ್ದ.

ಅತ್ತೆಯ ಕೈಯಲ್ಲಿ ಕಾಳು ಹಾಗೇ ಇತ್ತು. "ಅವ್ನು ಮ್ಯಾಲೆ ಬಂದ್ನಾ?" ಎಂದಳು.

ನಾನು ಪುಟ ತಿರುವಿದೆ. ಅಲ್ಲಿಂದ ಅರವತ್ತು ಪುಟ ಡ್ರ್ಯಾಗನ್ನಿನ ವಂಶಾವಳಿ ಇತ್ತು. ಅತ್ತೆ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನನ್ನ ಮುಖವನ್ನೇ ನೋಡಿ, "ಮೊದ್ಲು ಅವನ್ನ ಮ್ಯಾಲಕ್ಕೆ ಕರ್ಕೊಂಡ್ ಬಾರ್ಲಾ. ಅವ್ಳು ಕಾಯ್ತಾವ್ಳೆ," ಎಂದಳು. ಬರೆದವನು ಯಾರೆಂದು ಅವಳಿಗೆ ತಿಳಿದುಹೋಗಿತ್ತು. ಟಪ್ ಟಪ್ ಮತ್ತೆ ಶುರುವಾಯಿತು, ಮಧ್ಯಾಹ್ನಕ್ಕೆ ಮೂರು ಸೇರು ಅಳೆದರು. ಇಡೀ ಲೈನಿಗೆ ಸಾರು ಹಂಚಿದೆವು. ಎಲ್ಲರೂ ಹೊಗಳಿದರು, ಸಾರನ್ನು. ನನಗೆ ಅಳು ಬಂದಿತ್ತು, ಮೆಣಸಿನಕಾಯಿ ಖಾರ ಎಂದೆ. ಹಸ್ತಪ್ರತಿಯ ಕಟ್ಟು ಅಟ್ಟ ಸೇರಿತು. ಅಂದಿನಿಂದ ಭಾನುವಾರಗಳಲ್ಲಿ ಪೇಪರ್ ಓದಿದೆ.

ಮೊನ್ನೆ ಆ ಸೊಗಡು ಬಡಿದಾಗ ನನಗೆ ನೆನಪಾದದ್ದು ಮೂರು ಸೇರಲ್ಲ, ಅತ್ತೆಯ ಪ್ರಶ್ನೆ. ಇಷ್ಟು ವರ್ಷ ನನ್ನ ಅವಮಾನವನ್ನೇ ನೆನೆಯುತ್ತ, ಒಬ್ಬಳನ್ನು ಸುರಂಗದ ಬಾಯಲ್ಲಿ ಬುತ್ತಿ ಸಮೇತ ನಿಲ್ಲಿಸಿ ಬಂದಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವರೆಕಾಯಿ ಕೊಂಡು ಅತ್ತೆಗೆ ಕಳಿಸಿದೆ. ಅಟ್ಟದಿಂದ ಕಟ್ಟು ಇಳಿಸಿ ಅವಳು ಕಾಯುವ ಎರಡು ಪುಟ ಮಾತ್ರ ಇಟ್ಟುಕೊಂಡೆ. ಮರುದಿನ ಬೆಳಿಗ್ಗೆ ಬಂಗಾರಪೇಟೆಯಿಂದ ಉರಿಗಾಂಗೆ ರೈಲು ಮುಟ್ಟುವಷ್ಟರಲ್ಲಿ ಮುಂದಿನ ಒಂದೂವರೆ ಪುಟ ಬರೆದೆ. ರಾಜಕುಮಾರಿಯನ್ನು ತೆಗೆದು ಲೈನಿನ ಹೆಂಗಸನ್ನು ಹಾಕಿದೆ, ಕಹಳೆಗೆ ಸೈರನ್ ಎಂದೇ ಬರೆದೆ. ಅವನು ಮೇಲೆ ಬಂದ, ಮುಖ ತೊಳೆಯದೆ ಗೇಟಿನ ಹೊರಗೆ ಕೂತು ಉಂಡ.

ಅತ್ತೆಯ ಮನೆಯಲ್ಲಿ ಬೋಗುಣಿಯ ಪಕ್ಕ ಕೂತು ಅಷ್ಟನ್ನೂ ಓದಿ ಮುಗಿಸಿ ತಲೆಯೆತ್ತಿದೆ. ಮೂವರ ಕೈಯಲ್ಲೂ ಕಾಳು ಹಾಗೇ ಇತ್ತು. ಅತ್ತೆ ಮಾವನ ಕಡೆಗೆ ಒಮ್ಮೆ ನೋಡಿ, ಮೂಗೊರೆಸಿಕೊಂಡಳು.

"ಮರ ಚೆನ್ನಾಗಿ ಕೊಟ್ಟಿದ್ರು ಅನ್ನು," ಎಂದ ಮಾವ.

ಬೋಗುಣಿಯಲ್ಲಿ ಒಂದು ಹಿಡಿ ಬೇಳೆಯೂ ಇರಲಿಲ್ಲ. ಅವತ್ತು ಮಧ್ಯಾಹ್ನ ನಾಲ್ವರೂ ಮುದ್ದೆಯನ್ನು ಬರೀ ಉಪ್ಪಿನಕಾಯಿಯಲ್ಲಿ ಉಂಡೆವು.