ಬುಟ್ಟಿ ಹೊತ್ತ ಅವ್ವನ ಬಣ್ಣದ ಕಾರ್ಡು

ಆ ಕಾರ್ಡು ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಸಂಡೂರಿನ ಗುಡ್ಡಗಳಿಂದ ಬಂದ ಮ್ಯಾಂಗನೀಸ್ ಅದಿರನ್ನು ಹೊಸಪೇಟೆ ಸ್ಟೇಷನ್ನಿನಲ್ಲಿ ವ್ಯಾಗನ್ನಿಗೆ ತುಂಬುವ ಹೆಂಗಸರಲ್ಲಿ ನಮ್ಮವ್ವನೂ ಒಬ್ಬಳು. ಹಲಗೆ ಏರಿ, ಬುಟ್ಟಿ ಸುರಿದು, ಇಳಿದು, ಮತ್ತೆ ಏರಬೇಕು. ಸಂಜೆ ಮನೆಗೆ ಬಂದಾಗ ಕಣ್ಣು, ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕಪ್ಪು ಧೂಳು. ನೆತ್ತಿಯಲ್ಲಿ ಬುಟ್ಟಿ ಕೂರುವ ಕಡೆ ಕೂದಲೇ ಇರಲಿಲ್ಲ. ಎಣ್ಣೆ ಹಚ್ಚುವಾಗ ನನ್ನ ಕೈ ಅಲ್ಲಿಗೆ ಹೋದರೆ "ಮೆಲ್ಲಕ" ಅನ್ನುತ್ತಿದ್ದಳು.

ನನಗಾಗ ಹತ್ತು ವರ್ಷ. ಅದಿರಿನ ಏಜೆಂಟರು ಒಂದು ದಿನ ಫೋಟೋ ತೆಗೆಯುವವನನ್ನು ಕರೆಸಿದರು. ಸರಕು ಕೊಳ್ಳುವ ದೊರೆಗಳಿಗೆ ಹಂಚಲು ಚಿತ್ರದ ಕಾರ್ಡು ಬೇಕಿತ್ತಂತೆ. ನಾನು ರೊಟ್ಟಿ ತಂದು ಕಾಯುತ್ತಿದ್ದೆ; ಅವ್ವನ ತಲೆಗೆ ತುಂಬಿದ ಬುಟ್ಟಿ ಹೊರಿಸಿ ಬಿಸಿಲಲ್ಲಿ ನಿಲ್ಲಿಸಿದ್ದರು. ಖಾಲಿ ಬುಟ್ಟಿ ಸಾಲದೇ? ಸಾಲದಂತೆ!

ಮದ್ರಾಸಿನಲ್ಲಿ ಬಣ್ಣ ತುಂಬಿ ಅಚ್ಚಾಗಿ ಬಂದ ಕಾರ್ಡು ನೋಡಿ ಹೆಂಗಸರು ಬಿದ್ದು ಬಿದ್ದು ನಕ್ಕರು. ಮುಖ ಅವ್ವನದೇ. ಆದರೆ ಮೈಮೇಲೆ ರೇಷ್ಮೆ ಸೀರೆ, ಕೆಂಪು ತುಟಿಯಲ್ಲಿ ನಗು, ಕೈತುಂಬ ಚಿನ್ನದ ಬಳೆ. ಬುಟ್ಟಿಯ ಅಡಿಗೆ ಇಡುವ ಬಟ್ಟೆಯ ಸಿಂಬಿಯೇ ಇಲ್ಲ; ಆ ಜಾಗದಲ್ಲಿ ಮಲ್ಲಿಗೆ ದಂಡೆ!

"ಯವ್ವಾ, ಸಿಂಬಿ ಇಲ್ದಂಗ ಕಲ್ಲು ಹೊತ್ತು ನಕ್ಕೋಂತ ನಿಂತೀಯಲ್ಲ, ಭಾಳ ಗಟ್ಟಿ ನೆತ್ತಿ ನಿಂದು" ಎಂದು ಜೊತೆಯವಳು ಕಾಡಿದಳು. ಅವ್ವನೂ ನಕ್ಕಳು. ನನಗೆ ನಗು ಬರಲಿಲ್ಲ. ಹೊತ್ತವಳ ನೋವನ್ನು ಒರೆಸಿಹಾಕಿ ಹಲ್ಲು ಕಿರಿಸಲು ಆ ಬಣ್ಣದವನಿಗೆ ಯಾರು ಹೇಳಿದ್ದರು?

ಮುಂದೆ ಅವ್ವ ಚಳಿಜ್ವರದಲ್ಲಿ ಎರಡು ತಿಂಗಳು ಮಲಗಿದಳು. ಅಪ್ಪ ತೀರಿಹೋಗಿದ್ದ, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಎದ್ದು ನಿಲ್ಲುವಂತಾದ ಕೂಡಲೇ ನನ್ನ ಹೆಗಲು ಹಿಡಿದು, ಮತ್ತೆ ಕೆಲಸ ಕೇಳಲು ಏಜೆಂಟರ ಕಚೇರಿಗೆ ನಡೆದಳು. ಗುಮಾಸ್ತ ಹೊಸಬ. ಅವ್ವನ ಗುಳಿಬಿದ್ದ ಕೆನ್ನೆ ನೋಡಿ ತಲೆ ಅಲ್ಲಾಡಿಸಿದ.

"ನಿನ್ನ ಕೈಲಿ ಆಗಂಗಿಲ್ಲವ್ವ. ನಮಗ ಇಂಥಾ ಗಟ್ಟಿ ಹೆಣ್ಮಕ್ಕಳು ಬೇಕು" ಎಂದು ಗೋಡೆಗೆ ಅಂಟಿಸಿದ್ದ ಕಾರ್ಡಿನತ್ತ ಬೆರಳು ತೋರಿಸಿದ.

"ಅದು ನಮ್ಮವ್ವನೇರಿ!" ಎಂದು ನಾನು ಕಿರುಚಿದೆ. ಅವನು ಒಮ್ಮೆ ಕಾರ್ಡನ್ನೂ ಒಮ್ಮೆ ಅವ್ವನನ್ನೂ ನೋಡಿ ಜೋರಾಗಿ ನಕ್ಕುಬಿಟ್ಟ.

"ಹಂಗಾರ ಆಕಿನ್ನ ಕರೀರಿ" ಎಂದಳು ಅವ್ವ. "ನಾಳಿಂದ ಬುಟ್ಟಿ ಆಕೀನ ಹೊರ್ಲಿ."

ಕಳೆ ಕೀಳುವ ಕೆಲಸವಾದರೂ ಸಿಕ್ಕೀತೆಂದು ಅಲ್ಲಿಂದಲೇ ಮಲಪನಗುಡಿಯ ಹೊಲಗಳ ಕಡೆ ಹೊರಟೆವು. ಅವ್ವ ನನ್ನ ಹೆಗಲು ಬಿಟ್ಟಿರಲಿಲ್ಲ.